ಪುಟ್ಟಿಯ ನವೆ: ಒಂದೊಂದೇ ಕಾರಣ ಕಳೆಯುತ್ತಾ ಹೋದದ್ದು

ಪುಟ್ಟಿ ಸುಮಾರು ಆರು ಕೆಜಿ ತೂಗುವ ಬಿಳಿ ಕೂದಲಿನ ನಾಯಿ. ಎರಡು ವರ್ಷ ತುಂಬುವ ಹೊತ್ತಿಗೆ ಅವಳಿಗೆ ನವೆ ಹತ್ತಿಕೊಂಡಿತು. ನವೆಗೆ ಏನು ಹಚ್ಚಬೇಕು ಎಂದು ಹೇಳುವವರು ಸುತ್ತ ಬೇಕಾದಷ್ಟು ಜನ. ಎಲ್ಲೆಲ್ಲಿ ಕೆರೆದುಕೊಳ್ಳುತ್ತಾಳೆ ಎಂದು ಕೇಳಿದವರು ಪಶುವೈದ್ಯರೊಬ್ಬರೇ.

ಹಾಗಾಗಿ ಮನೆಗೆ ಬಂದು ಕಾಗದದ ಮೇಲೆ ನಾಯಿಯ ಆಕಾರವೊಂದನ್ನು ಗೀಚಿ, ಅವಳು ಕೆರೆದ, ನೆಕ್ಕಿದ, ಕಚ್ಚಿಕೊಂಡ ಜಾಗಕ್ಕೆಲ್ಲ ಗುರುತು ಹಾಕುತ್ತಾ ಹೋದೆ. ಪಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಸೊನ್ನೆ ಅಂದರೆ ಆರಾಮ. ಹತ್ತು ಅಂದರೆ ಊಟ, ಆಟ, ನಿದ್ದೆ ಎಲ್ಲ ಬಿಟ್ಟು ಕೆರೆಯುವುದು. ಬಿಳಿ ನಾಯಿಯಾದರೆ ಒಂದು ಅನುಕೂಲವಿದೆ: ನೆಕ್ಕಿ ನೆಕ್ಕಿ ಎಂಜಲಿನ ಕಲೆ ಕೂದಲ ಮೇಲೆ ಕೆಂಗಂದು ಬಣ್ಣಕ್ಕೆ ನಿಲ್ಲುತ್ತದೆ. ನಾವು ಮನೆಯಲ್ಲಿಲ್ಲದಾಗ ನೆಕ್ಕಿದ್ದೂ ಗೊತ್ತಾಗುತ್ತದೆ.

ಜಾಗ ನೋಡಿಯೇ ಅರ್ಧ ಊಹಿಸಬಹುದು. ಸೊಂಟದ ಹಿಂಭಾಗ, ಬಾಲದ ಬುಡ, ಹಿಂತೊಡೆಗಳಲ್ಲಿ ನವೆಯಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯಂಚು, ಮೊಣಕೈಗಳಲ್ಲಿ ವಿಪರೀತ ಕೆರೆತವಿದ್ದರೆ ಕಜ್ಜಿ. ಅದು ಮನುಷ್ಯರಿಗೂ ಹತ್ತಬಹುದು. ಪಂಜ, ಹೊಟ್ಟೆ, ಕಂಕುಳು, ಮುಖ, ಕಿವಿಯ ಒಳಭಾಗ ಅಂದರೆ ಅಲರ್ಜಿ ಇರಬಹುದು. ಪುಟ್ಟಿಯ ಚಿತ್ರದಲ್ಲಿ ಬಾಲದ ಬುಡಕ್ಕೂ ಗುರುತು, ನಾಲ್ಕು ಪಂಜಕ್ಕೂ ಗುರುತು. ಒಂದೇ ಕಾರಣಕ್ಕೆ ಇದು ಹೊಂದುವುದಿಲ್ಲ ಅನ್ನಿಸಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದೇ ಇಲ್ಲ. ಒಂದಾದ ಮೇಲೆ ಒಂದು ನೋಡೋಣ ಎಂದರು ಡಾಕ್ಟರ್.

ಮೊದಲು ಚಿಗಟ. ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಆದರೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದಾಗ ಅದು ತುಕ್ಕಿನ ಬಣ್ಣಕ್ಕೆ ಹರಡಿತು. ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದು ಜೀರ್ಣಿಸಿಕೊಂಡ ರಕ್ತ. ಚಿಗಟದ ಜೊಲ್ಲಿಗೇ ಅಲರ್ಜಿಯಿರುವ ನಾಯಿಗೆ ನಾಲ್ಕಾರು ಕಡಿತ ಸಾಕು. ಜೊತೆಗೆ, ನೆಕ್ಕುವ ನಾಯಿ ಚಿಗಟವನ್ನೂ ನುಂಗಿಬಿಡುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ನಾಯಿಯ ಮೈಮೇಲಿರುವ ದೊಡ್ಡ ಚಿಗಟಗಳು ಒಟ್ಟು ಸಂತತಿಯಲ್ಲಿ ಸುಮಾರು ಶೇ. 5 ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಹಾಸಿಗೆ, ಚಾಪೆ, ನೆಲದ ಬಿರುಕುಗಳಲ್ಲಿರುತ್ತದೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾಯಬಲ್ಲದು, ಸಿಂಪಡಿಸಿದ ಔಷಧಕ್ಕೂ ಸುಲಭಕ್ಕೆ ಸಾಯುವುದಿಲ್ಲ. ಒಂದು ಮಾತ್ರೆ ಕೊಟ್ಟು ನಿಲ್ಲಿಸಿದರೆ ಸಾಲದು ಅನ್ನುವುದು ಇದಕ್ಕೇ. ತಿಂಗಳು ತಿಂಗಳು ಬಿಡದೆ ಔಷಧ ಕೊಟ್ಟೆ, ಹಾಸಿಗೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದೆ, ಮೂಲೆಮೂಲೆಗೂ ವ್ಯಾಕ್ಯೂಮ್ ಹಾಕಿದೆ. ಮಾತ್ರೆ ತೂಕಕ್ಕೆ ತಕ್ಕದ್ದೇ ಆಗಬೇಕು. ದೊಡ್ಡ ನಾಯಿಯದನ್ನು ತುಂಡು ಮಾಡಿ ಕೊಡುವುದು ಬೇಡ. ನಾಯಿಗೆ ಫಿಟ್ಸ್ ಬರುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಔಷಧ ಒಳಗೇ ತರಬಾರದು, ಬೆಕ್ಕಿಗೆ ಅದು ವಿಷ.

ಬಾಲದ ಬುಡ ಶಾಂತವಾಯಿತು. ಪಂಜ ಮಾತ್ರ ಹಾಗೇ ಇತ್ತು, ಹುಳಿವಾಸನೆ ಬೇರೆ. ಡಾಕ್ಟರ್ ಬೆರಳ ಸಂದಿಗೆ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು: ಮಲಸೀಜಿಯಾ ಎಂಬ ಯೀಸ್ಟ್. ಇದು ಸಾಮಾನ್ಯವಾಗಿ ಆರೋಗ್ಯವಂತ ನಾಯಿಗಳ ಚರ್ಮದಲ್ಲೂ ಇರುತ್ತದಂತೆ; ಬೇರೆ ಕಾರಣಕ್ಕೆ ಚರ್ಮ ಕೆಟ್ಟಾಗ ಮೇಲೇಳುತ್ತದೆ.

ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ ಬರೆದುಕೊಟ್ಟರು. ಅದರ ಗುಣವೆಲ್ಲ ನೊರೆ ಚರ್ಮದ ಮೇಲೆ ಹತ್ತು ನಿಮಿಷ ನಿಲ್ಲುವುದರಲ್ಲಿದೆ. ಹತ್ತು ನಿಮಿಷ! ನಡುಗುವ ಪುಟ್ಟ ನಾಯಿಯನ್ನು ಹಿಡಿದುಕೊಂಡವರಿಗೇ ಗೊತ್ತು ಅದೆಷ್ಟು ಉದ್ದವೆಂದು. ನಾನು ಕಂಡುಕೊಂಡ ಕ್ರಮ ಹೀಗೆ. ಜಾರದಂತೆ ಟಬ್ಬಿನ ತಳಕ್ಕೆ ಟವೆಲ್ ಹಾಸುವುದು. ನೀರು ಉಗುರುಬೆಚ್ಚಗೆ ಮಾತ್ರ. ಬಿಸಿ ಹೆಚ್ಚಾದರೆ ನವೆಯೂ ಹೆಚ್ಚು. ಶಾಂಪೂ ಮೊದಲು ಪಂಜಕ್ಕೆ, ಆಮೇಲೆ ಹೊಟ್ಟೆಗೆ, ಕೊನೆಗೆ ಬೆನ್ನಿಗೆ. ಹೀಗೆ ಮಾಡಿದರೆ ಬೆನ್ನು ತಿಕ್ಕುವಷ್ಟರಲ್ಲಿ ಪಂಜದ ಅರ್ಧ ಸಮಯ ಕಳೆದಿರುತ್ತದೆ. ನೊರೆ ನೆಕ್ಕದಂತೆ ತಲೆ ಹಿಡಿದು ಮಾತಾಡಿಸುತ್ತಾ ಕೂರುವುದು. ಚೆನ್ನಾಗಿ ತೊಳೆದು, ಇನ್ನೊಮ್ಮೆ ತೊಳೆದು, ಬೆರಳ ಸಂದಿಗಳನ್ನು ಪೂರ್ತಿ ಒಣಗಿಸುವುದು. ತೇವ ಉಳಿದರೆ ಯೀಸ್ಟಿಗೆ ಹಬ್ಬ. ಸಂದಿಯ ಕೂದಲನ್ನೂ ಕತ್ತರಿಸಿಟ್ಟೆ. ಮೊದಮೊದಲು ವಾರಕ್ಕೆ ಎರಡು ಸಲ. ನಮ್ಮ ಶಾಂಪೂ ಹಾಕಬಾರದು; ಅದು ಮನುಷ್ಯರ ಆಮ್ಲೀಯ ಚರ್ಮಕ್ಕೆಂದು ಮಾಡಿದ್ದು.

ಹಚ್ಚುವ ಸಲಹೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ನಾಯಿಯ ಮೈಗೆ ಹಚ್ಚಿದ್ದು ನಾಯಿಯ ಹೊಟ್ಟೆಗೇ ಹೋಗುತ್ತದೆ. ಟೀ ಟ್ರೀ ಎಣ್ಣೆ ನಡುಕ, ತೂರಾಟ ತರಿಸುತ್ತದೆ. ಜಿಂಕ್ ಆಕ್ಸೈಡ್ ಕ್ರೀಮನ್ನು ನೆಕ್ಕಿದರೆ ವಾಂತಿ, ಹೆಚ್ಚು ಹೋದರೆ ಇನ್ನೂ ಅಪಾಯ. ನಾಯಿ ಚಿಕ್ಕದಾದಷ್ಟೂ ಸ್ವಲ್ಪ ಹೋದರೂ ಅತಿಯಾಗುತ್ತದೆ.

ಯೀಸ್ಟ್ ತಗ್ಗಿತು, ಅಂಕ ಪೂರ್ತಿ ಇಳಿಯಲಿಲ್ಲ. ಮುಂದಿನದು ಆಹಾರ. ಆಹಾರದ ಅಲರ್ಜಿಗೆ ರಕ್ತಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಎಂಟು ವಾರ ಪಥ್ಯವೇ ಪರೀಕ್ಷೆ. ಪ್ರೋಟೀನನ್ನು ಸಣ್ಣದಾಗಿ ಒಡೆದು ಮಾಡಿದ ಆಹಾರ ಬಿಟ್ಟು ಬೇರೇನೂ ಇಲ್ಲ. ರುಚಿ ಸೇರಿಸಿದ ಮಾತ್ರೆ ಇಲ್ಲ, ಟೂತ್‌ಪೇಸ್ಟ್ ಇಲ್ಲ, ಮೇಜಿನ ಕೆಳಗೆ ಬಿದ್ದ ಚೂರೂ ಇಲ್ಲ. ನಾಯಿಗಿಂತ ಮನೆಯವರಿಗೇ ಇದು ಕಠಿಣ. ಮುಗಿದ ಮೇಲೆ ಹಳೆಯ ಆಹಾರ ಮತ್ತೆ ಕೊಟ್ಟು ನೋಡಬೇಕು. ಕಾರಣ ಅದೇ ಆಗಿದ್ದರೆ ಎರಡು ವಾರದೊಳಗೆ ನವೆ ಮರಳುತ್ತದೆ. ಪುಟ್ಟಿಗೆ ಪಥ್ಯದಲ್ಲೂ ಇಳಿಯಲಿಲ್ಲ, ಬಿಟ್ಟಾಗಲೂ ಏರಲಿಲ್ಲ. ಆಹಾರವನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಆ ಎಂಟು ವಾರ ದಂಡವಾಯಿತೆಂದು ನನಗನ್ನಿಸುವುದಿಲ್ಲ. ಇಲ್ಲದಿದ್ದರೆ ಇವತ್ತಿಗೂ ಚೀಲದ ಮೇಲೆ ಚೀಲ ಬದಲಿಸುತ್ತಿದ್ದೆ.

ಉಳಿದದ್ದು ಅಟೋಪಿ: ಧೂಳಿನ ನುಸಿ, ಪರಾಗದಂಥವಕ್ಕೆ ವಂಶದಿಂದ ಬರುವ ಅಲರ್ಜಿ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬುಡಸಮೇತ ಹೋಗುವಂಥದ್ದಲ್ಲ, ಹತೋಟಿಯಲ್ಲಿಡಬಹುದು. ನವೆ ಅನ್ನುವುದು ಕೊಡ ತುಂಬುವ ಹಾಗೆ; ಚಿಗಟ, ಯೀಸ್ಟ್‌ಗಳ ಪಾಲು ಖಾಲಿಯಾದರೆ ಉಳಿದ ಅಲರ್ಜಿ ಬಹುಪಾಲು ದಿನ ಹೊರಗೆ ಚೆಲ್ಲುವುದಿಲ್ಲ.

ಚೆಲ್ಲಿದ ದಿನಗಳಿಗೆ ಡಾಕ್ಟರ್ ಆಕ್ಲಾಸಿಟಿನಿಬ್ ಕೊಟ್ಟಿದ್ದಾರೆ. ಒಂದು ದಿನದೊಳಗೇ ಕೆರೆತ ಇಳಿಯುತ್ತದೆ. ವರ್ಷ ತುಂಬದ ಮರಿಗೆ ಅದನ್ನು ಕೊಡುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೂಡ ಬೇಗ ಕೆಲಸ ಮಾಡುತ್ತದೆ, ಆದರೆ ಬಾಯಾರಿಕೆ, ಹಸಿವು, ಪದೇಪದೇ ಮೂತ್ರ ಜೊತೆಗೇ ಬರುತ್ತವೆ.

ಈಗ ದಿನದ ಕೆಲಸ ಸಣ್ಣದು. ವಾಕಿಂಗ್ ಮುಗಿಸಿ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಪಂಜ, ಹೊಟ್ಟೆ ಒರೆಸಿ ಒಣಗಿಸುವುದು. ಕಾಲು ಗಿಡ್ಡವಾದ್ದರಿಂದ ಹುಲ್ಲು ಹೊಟ್ಟೆಗೇ ತಾಗುತ್ತದೆ. ಅಂಕ ಬರೆಯುವುದನ್ನು ಬಿಟ್ಟಿಲ್ಲ. ಮೂರು ದಾಟಿದರೆ ಮೊದಲು ಬಾಚಣಿಗೆ, ಆಮೇಲೆ ಬೆರಳ ಸಂದಿ, ಕಿವಿ ನೋಡುತ್ತೇನೆ. ಚರ್ಮ ಒದ್ದೆಯಾಗಿ ಹರಡುವ ಹುಣ್ಣು, ಕೀವು, ಮುಖದ ಊತ ಕಂಡರೆ ಇದ್ಯಾವುದೂ ಇಲ್ಲ, ಅವತ್ತೇ ಡಾಕ್ಟರ್ ಬಳಿಗೆ.