ಗಾಳಿ ಇದ್ದಾಗ ವಿಂಡ್ ಲೈನಿಗೆ ಎಷ್ಟು ಲೋಡ್ ಕೊಡಬಹುದು?

ಗಾಳಿ ತಂತಿಯನ್ನು ತಂಪು ಮಾಡುತ್ತದೆ, ಹಾಗಾಗಿ ತಂತಿ ಹೆಚ್ಚು ಕರೆಂಟ್ ಹೊರಬಲ್ಲದು. ಕುಷ್ಟಗಿ, ಯಲಬುರ್ಗಾ ಕಡೆಯ ವಿಂಡ್ ಲೈನಿಗೆ (ಗಾಳಿ ಟರ್ಬೈನ್‌ಗಳ ವಿದ್ಯುತ್ ಒಯ್ಯುವ ಲೈನಿಗೆ) ಹವಾಮಾನ ನೋಡಿ ಲೋಡ್ ಮಿತಿ ಹಾಕುವಾಗ ಮೊದಲು ದುರ್ಬಲ ಸ್ಪ್ಯಾನ್ (ಎರಡು ಕಂಬಗಳ ನಡುವಿನ ತಂತಿ) ಹುಡುಕಿ: ಗುಡ್ಡದ ಮರೆಯದ್ದು, ಇಲ್ಲವೇ ತಂತಿ ನೆಲಕ್ಕೆ ಹತ್ತಿರ ಜೋತದ್ದು. ಗಾಳಿಮಾಪಕ ಅಲ್ಲೇ, ತಂತಿಯ ಎತ್ತರದಲ್ಲೇ ಇರಲಿ. ಟರ್ಬೈನ್ ಮೇಲಿನ ಅಳತೆ ಬೇಡವೇ ಬೇಡ. ಅಲ್ಲಿ ಗಾಳಿ ಸಾಮಾನ್ಯವಾಗಿ ಹೆಚ್ಚು.

ದಿಕ್ಕೂ ಮುಖ್ಯ. ತಂತಿಯ ಉದ್ದಕ್ಕೆ ಬೀಸುವ ಗಾಳಿ, ಅಡ್ಡಗಾಳಿಯ ಸುಮಾರು 40 ಶೇಕಡಾ ಮಾತ್ರ ತಂಪು ಮಾಡುತ್ತದೆ. ಗಾಳಿ, ಉಷ್ಣಾಂಶ, ಬಿಸಿಲನ್ನು ಐಇಇಇ 738 ಸೂತ್ರಕ್ಕೆ (ತಂತಿಯ ಬಿಸಿ ಮತ್ತು ಕರೆಂಟ್ ಲೆಕ್ಕ ಹಾಕುವ ಮಾನದಂಡ) ಹಾಕಿ, 10 ನಿಮಿಷಕ್ಕೊಮ್ಮೆ ತಂತಿ ಹೊರಬಲ್ಲ ಆಂಪಿಯರ್ ತೆಗೆಯಿರಿ. 75 ಡಿಗ್ರಿ ಮಿತಿಯ ಎಸಿಎಸ್‌ಆರ್ ತಂತಿಗೆ (ಉಕ್ಕಿನ ಎಳೆ ಸುತ್ತ ಅಲ್ಯೂಮಿನಿಯಂ) 42 ಡಿಗ್ರಿ ಬಿಸಿಲಲ್ಲಿ ಬಿಸಿಯಾಗಲು ಉಳಿಯುವ ಅಂತರ 33 ಡಿಗ್ರಿ. ಆಷಾಢದ 28 ಡಿಗ್ರಿಯಲ್ಲಿ 47. ಆಗ ಗಾಳಿಯೂ ಜೋರು, ಪದ್ಧತಿ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂತಿದೆ.

ಆದರೆ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್), ಐಸೊಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್) ಮಿತಿ ಲೈನಿನ ಜೊತೆ ಏರುವುದಿಲ್ಲ. ಜಂಪರಿನ (ತಂತಿಗಳನ್ನು ಜೋಡಿಸುವ ತುಂಡು ತಂತಿ) ಸಡಿಲ ಕ್ಲ್ಯಾಂಪ್ ಮೊದಲು ಸುಡುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ನೋಡದೆ ಲೋಡ್ ಏರಿಸಬೇಡಿ. ಮಾಪಕ ಕೈಕೊಟ್ಟರೆ ತಕ್ಷಣ ಹವಾಮಾನ ನೋಡದೆ ಹಾಕುವ ಸ್ಥಿರ ಮಿತಿಗೆ ಇಳಿಸಿ.