ಡಿಜಿಟಲ್ ಸಂವಹನ ಓದಲು ಸೇರಿದ್ದೀರಾ? ಮೊದಲ ವಾರವೇ ಯೂನಿಕೋಡ್ ಕಲಿತುಬಿಡಿ

ಈ ವರ್ಷ ಡಿಜಿಟಲ್ ಸಂವಹನ ಕೋರ್ಸ್‌ಗೆ ಸೇರಿರುವ ತಮ್ಮ-ತಂಗಿಯರಿಗೆ ಒಂದು ಮಾತು. ಕ್ಯಾಮೆರಾ, ಎಡಿಟಿಂಗ್ ಎಲ್ಲ ತರಗತಿಯಲ್ಲೇ ಬರುತ್ತದೆ. ಕನ್ನಡ ಟೈಪಿಂಗ್ ಮಾತ್ರ ನಾವೇ ಕಲಿಯಬೇಕು.

ಮೊದಲ ವಾರ ನಾನು ಎರಡು ಪುಟದ ವರದಿ ಬರೆದು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದೆ. ಮೇಷ್ಟ್ರ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ತುಂಬಾ ಬೇಜಾರಾಗಿತ್ತು. ಕಾರಣ ಆಮೇಲೆ ತಿಳಿಯಿತು. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ವೇಷ ಹಾಕಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತಗಳಿವೆ, ಹಾಗಾಗಿ ‘ಕ’ ಎಂದರೆ ಎಲ್ಲ ಕಡೆಯೂ ‘ಕ’.

ಯೂನಿಕೋಡ್‌ನಲ್ಲಿ ಟೈಪ್ ಮಾಡಲು, ಕನ್ನಡ ಕಂಪ್ಯೂಟಿಂಗ್‌ಗೆ ದಾರಿ ಹಾಕಿಕೊಟ್ಟ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಯಿರಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವುದೂ ಅದನ್ನೇ ಆಧರಿಸಿದ್ದು. ‘ಕೆ’ ಕೀಲಿ ಒತ್ತಿದರೆ ಕ, ಜೊತೆಗೆ ಶಿಫ್ಟ್ ಹಿಡಿದರೆ ಖ. ಒತ್ತಕ್ಷರಕ್ಕೆ ನಡುವೆ ‘ಎಫ್’ ಬೇಕು. ಕೆ, ಎಫ್, ಕೆ ಒತ್ತಿ ನೋಡಿ, ‘ಕ್ಕ’ ಬರುತ್ತದೆ. ಎಷ್ಟು ಚಂದ ಅಲ್ವಾ? ದಿನಾ ಅರ್ಧ ಗಂಟೆ ಪತ್ರಿಕೆಯ ಒಂದು ಸುದ್ದಿ ಇಟ್ಟುಕೊಂಡು ಟೈಪ್ ಮಾಡಿ.

ಹಳೆಯ ಫೈಲ್‌ಗಳಿದ್ದರೆ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಇನ್ನೊಮ್ಮೆ ಓದಿ. ನನಗೆ ಅಲ್ಲೇ ತಪ್ಪು ಜಾಸ್ತಿ ಸಿಕ್ಕಿದ್ದು.