ಸಿಟಿ ಸ್ಕ್ಯಾನ್ ಕ್ಲೀನ್, ಹೊಟ್ಟೆನೋವು ಮಾತ್ರ ಹಾಗೇ: ನನ್ನ ಅನುಭವ

ಸಿಟಿಯಲ್ಲಿ ಏನೂ ಇಲ್ಲ, ಮೇದೋಜ್ಜೀರಕ ಗ್ರಂಥಿಯ ಉರಿಯೂತ ಹಿಡಿಯುವ ಲೈಪೇಸ್ ಪರೀಕ್ಷೆಯೂ ನಾರ್ಮಲ್, ರೋಗಿ ಮಾತ್ರ ಹೊಟ್ಟೆ ಹಿಡಿದು ಹೊರಳಾಡುತ್ತಿರುತ್ತಾರೆ. ಇನ್ನೊಂದು ಸಿಟಿ ಬರೆಯುವ ಮೊದಲು ನನಗೆ ಬೇಕಾದದ್ದು ಒಂದು ಬೆರಳು, ಎರಡು ಮೂತ್ರದ ಬಾಟಲಿ. ಹಳೇ ಕಾಲದ್ದು ಎಂದು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ.

ಇಸಿಜಿ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಆಗಿರುತ್ತವೆ ಎಂದುಕೊಳ್ಳುತ್ತೇನೆ. ಗ್ಲಿಫ್ಲೋಜಿನ್ ಗುಂಪಿನ ಸಕ್ಕರೆ ಕಾಯಿಲೆ ಮಾತ್ರೆ ನುಂಗುವವರಲ್ಲಿ ಸಕ್ಕರೆ 200ರ ಆಸುಪಾಸಿದ್ದರೂ ಕೀಟೋಅಸಿಡೋಸಿಸ್ (ಕೀಟೋನ್ ಸೇರಿ ರಕ್ತ ಆಮ್ಲವಾಗುವುದು) ಇರಬಹುದು. ಮೂತ್ರದ ಪಟ್ಟಿ ನಂಬಬೇಡಿ, ರಕ್ತದ ಕೀಟೋನ್ ನೋಡಿ.

ಬೆರಳಿನದು ಕಾರ್ನೆಟ್ ಪರೀಕ್ಷೆ. ನೋವಿನ ಜಾಗ ಒತ್ತಿ ಹಿಡಿದು, ಕೈ ಎದೆಗೆ ಕಟ್ಟಿಸಿ, ತಲೆ ಮತ್ತು ಎರಡೂ ಭುಜ ಎತ್ತಿಸಬೇಕು. ಎಡವಟ್ಟಾಗುವುದು ಇಲ್ಲೇ: ಬರೀ ಕತ್ತು ಎತ್ತಿದರೆ ರೆಕ್ಟಸ್ (ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು) ಸಾಕಷ್ಟು ಬಿಗಿಯುವುದಿಲ್ಲ. ನೋವು ಹಾಗೇ ಇದ್ದರೆ ಅಥವಾ ಹೆಚ್ಚಿದರೆ ಮೂಲ ಬಹುತೇಕ ಹೊಟ್ಟೆಯ ಗೋಡೆಯಲ್ಲಿದೆ. ರೆಕ್ಟಸ್‌ನ ಹೊರ ಅಂಚಿನಲ್ಲಿ ನರ ಸಿಕ್ಕಿಕೊಂಡಿದ್ದರೆ ಅಲ್ಲಿಗೆ ಮರಗಟ್ಟಿಸುವ ಮದ್ದು 1% ಲಿಗ್ನೋಕೇನ್ ಸುಮಾರು 5 ಎಂಎಲ್ ಚುಚ್ಚುತ್ತೇನೆ. ಕಾಲು ಗಂಟೆಯೊಳಗೆ ನೋವು ಅರ್ಧಕ್ಕಾದರೂ ಇಳಿಯಬೇಕು. ನನ್ನ ಮೊದಮೊದಲ ಚುಚ್ಚುಗಳು ಕೊಬ್ಬಿನಲ್ಲೇ ನಿಂತು ವ್ಯರ್ಥವಾದವು, ಅಲ್ಟ್ರಾಸೌಂಡ್ ಹಿಡಿದ ಮೇಲೆ ಸರಿಹೋಯಿತು. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಮೊದಲು ಸ್ಕ್ಯಾನ್: ರೆಕ್ಟಸ್ ಹೆಮಟೋಮಾಕ್ಕೂ (ಸ್ನಾಯುವಿನಲ್ಲಿ ರಕ್ತ ಕಟ್ಟಿದ್ದಕ್ಕೂ) ಕಾರ್ನೆಟ್ ಪಾಸಿಟಿವ್ ಬರುತ್ತದೆ. ಪಟ್ಟೆಯಾಗಿ ಉರಿಯುವವರ ಚರ್ಮವನ್ನು ಎರಡು ಮೂರು ದಿನ ನೋಡುತ್ತಿರಿ, ಸರ್ಪಸುತ್ತು ತಡವಾಗಿ ಮೇಲೇಳುತ್ತದೆ. ರೋಗಿಗೆ ಗೊತ್ತಾಗದಂತೆ ಸ್ನಾಯು ಬಿಗಿಸುವ ನನ್ನ ಉಪಾಯ ಒಂದಿದೆ, ಅದನ್ನು ಎದುರು ಸಿಕ್ಕಾಗ ತೋರಿಸುತ್ತೇನೆ.

ಹೊಟ್ಟೆ ಮೆತ್ತಗಿದೆ, ನಾಡಿ ಓಡುತ್ತಿದೆ, ಬಿಪಿ ಏರಿದೆ, ಸೋಡಿಯಂ ಇಳಿದಿದೆ ಎಂದರೆ ಪೋರ್ಫೈರಿಯಾ (ರಕ್ತದ ಹೀಮ್ ತಯಾರಿಕೆ ಕೆಟ್ಟು ಅದರ ಕಚ್ಚಾವಸ್ತುಗಳು ದೇಹದಲ್ಲಿ ಸೇರುವ ರೋಗ) ನೆನಪಾಗಬೇಕು. ನೋವಿರುವಾಗಲೇ ಮೂತ್ರ ಹಿಡಿದು ಒಂದು ಬಾಟಲಿಗೆ ಬೆಳಕು ತಾಗದಂತೆ ಫಾಯಿಲ್ ಸುತ್ತಿ ಪಿಬಿಜಿ (ಪೋರ್ಫೋಬಿಲಿನೋಜೆನ್, ಆ ಕಚ್ಚಾವಸ್ತುಗಳಲ್ಲೊಂದು) ಮತ್ತು ಕ್ರಿಯಾಟಿನಿನ್‌ಗೆ ಕಳಿಸಿ. ಇನ್ನೊಂದನ್ನು ಕಿಟಕಿಯಲ್ಲಿಟ್ಟು ಕೆಲವು ಗಂಟೆ ನೋಡುವುದು ನನ್ನ ಚಟ. ಕಪ್ಪುಗೆಂಪಾದರೆ ಖುಷಿ, ಆದರೆ ಸಾಕ್ಷಿಯಲ್ಲ. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್‌ನಿಂದಲೂ ಬಣ್ಣ ಗಾಢವಾಗುತ್ತದೆ. ಬಣ್ಣ ಬದಲಾಗಲಿಲ್ಲವೆಂದು ಪೋರ್ಫೈರಿಯಾ ಕೈಬಿಡಲೂಬೇಡಿ.

ದುಡ್ಡು ಹಾಳಾಗುವುದು ತಪ್ಪು ಪರೀಕ್ಷೆಗೆ. 'ಪೋರ್ಫಿರಿನ್' ಎಂದು ಬರೆದರೆ ಲಿವರ್ ಕೆಟ್ಟವರಲ್ಲೂ ಸ್ವಲ್ಪ ಏರಿ ದಾರಿ ತಪ್ಪಿಸುತ್ತದೆ. 24 ಗಂಟೆಯ ಮೂತ್ರಕ್ಕೆ ಕಾಯುವುದೂ ದಂಡ, ಒಂದೇ ಸಲದ್ದು ಸಾಕು. ಅಟ್ಯಾಕ್‌ನಲ್ಲಿ ಪಿಬಿಜಿ ಸಾಮಾನ್ಯವಾಗಿ ಹತ್ತು ಪಟ್ಟಾದರೂ ಏರಿರುತ್ತದೆ. ಪಿಬಿಜಿ ಸರಿಯಿದ್ದು ಎಎಲ್‌ಎ (ಹೀಮ್‌ನ ಇನ್ನೊಂದು ಕಚ್ಚಾವಸ್ತು) ಮಾತ್ರ ಏರಿದ್ದರೆ ಸೀಸದ ಮಟ್ಟ ಕೇಳಿ. ಇದೆಲ್ಲ ಬಿಟ್ಟು ಲ್ಯಾಪರೊಸ್ಕೋಪಿಗೆ ಒಯ್ದರೆ ಖರ್ಚಿನ ಜತೆ ಪೋರ್ಫೈರಿಯಾ ಕೆರಳಿಸುವ ಅರಿವಳಿಕೆ ಮದ್ದು ಥಯೋಪೆಂಟೋನ್‌ನ ಅಪಾಯವೂ ಸೇರುತ್ತದೆ. ಪೋರ್ಫೈರಿಯಾ ಅಟ್ಯಾಕ್‌ನ ಮದ್ದಾದ ಹೀಮಿನ್ ಶುರು ಮಾಡುವ ಮುಂಚೆ ಮೂತ್ರ ತೆಗೆದಿಟ್ಟಿರಿ. ಆಮೇಲೆ ಪಿಬಿಜಿ ಬೇಗ ಇಳಿದು ರೋಗ ಕೈತಪ್ಪುತ್ತದೆ.